ಗದಾಧರ ಕುಂಡು ಗಲ್ಲಿಗೆ ಕ್ಯಾಬಿನೆಟ್ ಬಂದದ್ದು

ನಿಬಾರಣ್ ಸಮಾದ್ದಾರ್ ಬಾಬು ಊರಿನ ಆಫೀಸುಪೇಟೆಯಾದ ಡಾಲ್‌ಹೌಸಿಯ ಒಂದು ಚಹಾ ಕಂಪನಿಯಲ್ಲಿ ದಾಖಲೆ ವಿಭಾಗದ ಗುಮಾಸ್ತರು. ಯಾವ ತೋಟದಲ್ಲಿ ಯಾವ ವರ್ಷ ಎಷ್ಟು ಎಲೆ ಬಿಡಿಸಿದರು ಎಂದು ಸಾಹೇಬರು ಕೇಳಿ ಬಾಯಿ ಮುಚ್ಚುವಷ್ಟರಲ್ಲಿ ಕಾಗದ ಮೇಜಿನ ಮೇಲಿರುತ್ತಿತ್ತು. ಆದರೆ ಆಫೀಸಿನ ಈ ವಿದ್ಯೆ ಅವರ ಜೊತೆ ಟ್ರ್ಯಾಮ್ ಹತ್ತಿ ಮನೆಯವರೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ತೆರಿಗೆಯ ರಸೀದಿಗಳು ಬಿಸ್ಕತ್ತಿನ ಡಬ್ಬಿಯಲ್ಲಿ, ವಿಮೆಯ ಕಾಗದ ದಿಂಬಿನ ಚೀಲದೊಳಗೆ, ಮನೆಯ ಬಾಡಿಗೆ ಕರಾರು ಹಾರ್ಮೋನಿಯಂ ಪೆಟ್ಟಿಗೆಯ ತಳದಲ್ಲಿ ಸುಖವಾಗಿದ್ದವು. ಯಾರಾದರೂ ಹಾರ್ಮೋನಿಯಂ ನುಡಿಸಿದರೆ ಕರಾರೂ ಸಣ್ಣಗೆ ದನಿಗೂಡಿಸುತ್ತಿತ್ತು.

ಹೀಗಿರಲು ಒಂದು ದಿನ ಅಡುಗೆ ಅನಿಲದವನು ಬಂದು ಕನೆಕ್ಷನ್ನಿನ ಕಾಗದ ತೋರಿಸಿ ಎಂದ. ಮನೆಯೆಲ್ಲ ತಲೆಕೆಳಗಾಯಿತು, ಕಾಗದ ಸಿಗಲಿಲ್ಲ. ಅವನು ತಂದ ಸಿಲಿಂಡರನ್ನು ಹೊತ್ತುಕೊಂಡು ಹೋದ. ಕಾಗದ ಸಿಕ್ಕಿದ್ದು ಮರುವಾರ, ಮೀನಿನ ಚೀಲದ ತಳದಲ್ಲಿ. ನೀರು ಸೋರಬಾರದೆಂದು ಅದನ್ನು ಮಡಿಸಿ ಹಾಕಿದ್ದವರು ಸ್ವತಃ ನಿಬಾರಣ್ ಬಾಬು.

ಹೆಂಡತಿ ಕನಕಲತಾ ಜಗಳವಾಡುವ ಹೆಂಗಸಲ್ಲ. ಸೌದೆ ಒಲೆಯ ಹೊಗೆಯಲ್ಲಿ ಅನ್ನ ಬೇಯಿಸಿ, ಬಡಿಸಿ, ಎದುರಿಗೆ ಕೂತು ಕೇಳಿದರು.

“ನಿಮ್ಮ ಸಾಹೇಬ್ರಿಗೆ ಗೊತ್ತಾ, ಇಲಿಶ್ ಮೀನು ಎಷ್ಟು ದಿನ ನಮ್ಮ ಗ್ಯಾಸ್ ಕನೆಕ್ಷನ್ ಮೇಲೆ ಮಲಗಿತ್ತು ಅಂತ?”

ನಿಬಾರಣ್ ಬಾಬು ತುತ್ತು ಕೆಳಗಿಟ್ಟರು. ದಾಖಲೆ ವಿಭಾಗದ ಮಾನ ತಟ್ಟೆಯ ಅಂಚಿನಲ್ಲಿ ಬಂದು ಕೂತಿತ್ತು. ಅಲ್ಲೇ, ಎಂಜಲು ಕೈಯಲ್ಲೇ ಘೋಷಿಸಿದರು: ಈ ಮನೆಗೆ ಇನ್ನು ಉಕ್ಕಿನ ಕ್ಯಾಬಿನೆಟ್ ಬರುತ್ತದೆ. ನಾಲ್ಕು ಡ್ರಾಯರಿನದು. ಇನ್ನು ಮುಂದೆ ಮೀನು ಬೇರೆ, ಕಾಗದ ಬೇರೆ.

ಘೋಷಣೆಗೆ ಸಮಯವೂ ಕೂಡಿಬಂದಿತ್ತು. ಕಂಪನಿ ಹೊಸ ಕಟ್ಟಡಕ್ಕೆ ಹೋಗುವುದರಲ್ಲಿತ್ತು. ಹಳೆಯ ಕ್ಯಾಬಿನೆಟ್ಟುಗಳನ್ನು ಬೇಕಾದವರು ಒಯ್ಯಬಹುದೆಂದು ಹೆಡ್ ಗುಮಾಸ್ತರು, ಎಂದರೆ ಎಲ್ಲರೂ ‘ಬಡಬಾಬು’, ದೊಡ್ಡ ಬಾಬು, ಎಂದು ಕರೆಯುವ ಹಿರಿಯರು, ಹೇಳಿದ್ದರು. ಆದರೆ ಅವರದೊಂದು ಷರತ್ತು: ಮೊದಲು ಸರಿಯಾಗಿ ಅಳತೆ ಮಾಡಬೇಕು. ಕ್ಯಾಬಿನೆಟ್ಟಿನದು, ದಾರಿಯದು, ಇಡುವ ಜಾಗದ್ದು, ಒಳಗೆ ತುಂಬುವ ಕಾಗದದ್ದು. ಹಿಂದೊಮ್ಮೆ ಲೆಕ್ಕ ವಿಭಾಗದ ಹಾಲ್ದಾರ್ ಅಳೆಯದೆ ಒಂದು ಉಕ್ಕಿನ ಕಪಾಟು ಒಯ್ದಿದ್ದ. ಅದು ಮೆಟ್ಟಿಲಿನ ತಿರುವಿನಲ್ಲಿ ಹಿಂದಕ್ಕೂ ಹೋಗದೆ ಮುಂದಕ್ಕೂ ಬಾರದೆ ನಿಂತುಬಿಟ್ಟಿತು. ಕೊನೆಗೆ ಅದರ ಬೆನ್ನು ಕೊಯ್ಯಿಸಿದರು. ಹಾಲ್ದಾರ್ ಮನೆಯವರು ಇವತ್ತಿಗೂ ಕಪಾಟಿನ ಬಾಗಿಲು ತೆರೆದು ಅದರೊಳಗಿಂದಲೇ ಮಹಡಿಗೆ ಹೋಗುತ್ತಾರೆಂದು ಆಫೀಸಿನಲ್ಲಿ ಹೇಳುತ್ತಿದ್ದರು.

ಅಳತೆಯೆಂದರೆ ನಿಬಾರಣ್ ಬಾಬುಗೆ ಪೂಜೆಯಷ್ಟೇ ಗಂಭೀರ. ಕನಕಲತಾ ಅವರ ಹೊಲಿಗೆಯ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಕನ್ನಡಕ ಒರೆಸಿಕೊಂಡು, ಒಂದು ಹಸಿರು ಕ್ಯಾಬಿನೆಟ್ಟನ್ನು ಆರಿಸಿ ಅಳೆದರು. ಆ ಟೇಪಿಗೆ ಒಂದು ಮುಖದಲ್ಲಿ ಇಂಚು, ಇನ್ನೊಂದು ಮುಖದಲ್ಲಿ ಸೆಂಟಿಮೀಟರು. ಅಗಲ ಅಳೆಯುವಾಗ ಇಂಚಿನ ಮುಖ ಮೇಲಿತ್ತು: ಹದಿನೆಂಟು. ಎತ್ತರಕ್ಕೂ ಉದ್ದಕ್ಕೂ ಬರುವಷ್ಟರಲ್ಲಿ ಟೇಪು ಮಗುಚಿಕೊಂಡಿತ್ತು: ಎತ್ತರ ನೂರ ಮೂವತ್ತೆರಡು, ಹಿಂದು ಮುಂದಿನ ಉದ್ದ ಎಪ್ಪತ್ತೊಂದು. ಮೂರನ್ನೂ ಅಚ್ಚುಕಟ್ಟಾಗಿ ಬರೆದುಕೊಂಡು, ಮೂರರ ಮುಂದೂ ‘ಇಂಚು’ ಎಂದು ಬರೆದರು.

ಮನೆಗೆ ಬಂದು ಲೆಕ್ಕ ಹಾಕಿದರೆ ಕ್ಯಾಬಿನೆಟ್ ಹನ್ನೊಂದು ಅಡಿ ಎತ್ತರ, ಹೆಚ್ಚುಕಡಿಮೆ ಆರಡಿ ಉದ್ದ. ಆಫೀಸಿನಲ್ಲಿ ಅದು ತಮ್ಮ ಎದೆಮಟ್ಟ ಇದ್ದಂತೆ ಅವರಿಗೆ ಮಸುಕಾಗಿ ನೆನಪಿತ್ತು. ಆದರೆ ಕಣ್ಣು ಒಂದು ಹೇಳಿ ಕಾಗದ ಇನ್ನೊಂದು ಹೇಳಿದರೆ ದಾಖಲೆ ವಿಭಾಗದ ಮನುಷ್ಯ ಯಾವುದನ್ನು ನಂಬಬೇಕು? ಕಾಗದವನ್ನೇ ನಂಬಿದರು. ಅಜ್ಜನ ಕಾಲದ ಮನೆ, ಚಾವಣಿ ಎತ್ತರವಾಗಿದೆ, ಮನೆಯೊಳಗೆ ಚಿಂತೆಯಿಲ್ಲ. ಚಿಂತೆ ಇದ್ದದ್ದು ಗಲ್ಲಿಯದು.

ಗದಾಧರ ಕುಂಡು ಗಲ್ಲಿ ಕಾಗದದ ಮೇಲೆ ಅಗಲವಾದ ಗಲ್ಲಿ. ನೆಲದ ಮೇಲೆ ಅದು ಬೇರೆಯೇ. ಗಲ್ಲಿಯ ಬಾಯಲ್ಲೇ ಮಿಠಾಯಿ ಅಂಗಡಿಯ ಫಟಿಕ್ ಮೋದಕ್ ತನ್ನ ಒಲೆಯನ್ನು ವರ್ಷಕ್ಕೊಂದು ಗೇಣು ಮುಂದಕ್ಕೆ ತಂದು ಈಗ ಗಲ್ಲಿಯ ನಡುವೆ ಸಂದೇಶ ಎಂಬ ಮಿಠಾಯಿಗೆ ಹಾಲು ಕಾಯಿಸುತ್ತಿದ್ದ. ಅವನೆದುರು ವಕೀಲ ಭವತೋಷ್ ಲಾಹಿರಿಯವರ ಗೇಟು. ಅದರ ಎರಡು ಕಂಬಗಳ ಮೇಲೆ ಎರಡು ಗಾರೆಯ ಸಿಂಹ. ಕಂಬಗಳು ಗಲ್ಲಿಯೊಳಗೆ ನಿಂತಿವೆಯೆಂದು ವಾರ್ಡ್ ಆಫೀಸಿನವರು ಹಾಕಿದ ಮೊಕದ್ದಮೆಯನ್ನು ಅವರು ಮಗುವಿನಂತೆ ಸಾಕಿ ಬೆಳೆಸಿದ್ದರು. ಅದರಾಚೆ ಚಾರುಬಾಲಾ ದೇವಿಯವರ ಜಗಲಿ. ಅವರನ್ನು ಗಲ್ಲಿಗೆ ಗಲ್ಲಿಯೇ ಮಾಸಿಮಾ, ಚಿಕ್ಕಮ್ಮ, ಎನ್ನುತ್ತಿತ್ತು. ಗಂಡಸರೆಲ್ಲ ಸಂಜೆ ಆ ಜಗಲಿಯ ಮೇಲೆ ಕೂತು ದೇಶ ನಡೆಸುತ್ತಿದ್ದರು. ಜಗಲಿ ಬೆಳೆಬೆಳೆದು ಎದುರು ಮನೆಯ ಗೋಡೆಯನ್ನು ಮುಟ್ಟುವುದೊಂದು ಬಾಕಿ. ಇಷ್ಟರಲ್ಲೂ ವಿಪರ್ಯಾಸವೆಂದರೆ, ಸೊಂಟದ ನೋವಿನ ಮಾಸಿಮಾ ಡಾಕ್ಟರ ಬಳಿ ಹೋಗಬೇಕಾದರೆ ರಿಕ್ಷಾ ಒಳಗೆ ಬರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಟ್ರ್ಯಾಮ್ ರಸ್ತೆಗೆ ಮುಟ್ಟಿಸಬೇಕಿತ್ತು. ಹೆಣ ಒಯ್ದಂತೆ ಒಯ್ಯುತ್ತೀರಿ ಎಂದು ಬೇಸತ್ತು ಅವರು ಡಾಕ್ಟರನ್ನೇ ಬಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ನಿಬಾರಣ್ ಬಾಬು ಆಫೀಸಿನ ಕೋಟು ತೊಟ್ಟು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿ, ಟೇಪು ಹಿಡಿದು ಗಲ್ಲಿಗಿಳಿದರು. ಅಡ್ಡ ಬಂದದ್ದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಕತ್ತರಿ ಗುರುತು ಹಾಕುತ್ತ ನಡೆದರು. ಫಟಿಕನ ಒಲೆಗೆ ಗುರುತು ಬಿದ್ದಾಗ ಅವನು ಸೌಟು ಹಿಡಿದೇ ಎದ್ದು ಬಂದ.

“ಏನಿದು ಅಳತೆ, ನಿಬಾರಣ್ ದಾ?”

“ಶನಿವಾರ ಕ್ಯಾಬಿನೆಟ್ ಬರ್ತಿದೆ ಕಣಯ್ಯ. ದಾರಿ ಸಾಲುತ್ತಾ ಅಂತ ನೋಡ್ತಿದೀನಿ.”

“ಕ್ಯಾಬಿನೆಟ್ಟಾ? ನಮ್ಮ ಗಲ್ಲಿಗಾ?”

“ನಮ್ಮ ಮನೆಗೆ.”

ಫಟಿಕನ ಸೌಟಿನಿಂದ ಹಾಲು ತೊಟ್ಟಿಕ್ಕಿತು. “ಪೂರ್ತಿ ಕ್ಯಾಬಿನೆಟ್ಟೇ?”

ಅರ್ಧ ಕ್ಯಾಬಿನೆಟ್ ತರಿಸಿಕೊಳ್ಳುವವರನ್ನು ನಿಬಾರಣ್ ಬಾಬು ಎಲ್ಲೂ ಕಂಡಿರಲಿಲ್ಲ. “ಅರ್ಧ ತರಿಸ್ಕೊಂಡು ಏನ್ ಮಾಡ್ಲಿ?” ಎಂದು ಮುಂದಕ್ಕೆ ನಡೆದರು.

ಸಚಿವ ಸಂಪುಟವನ್ನು ಪತ್ರಿಕೆಗಳೂ ರೇಡಿಯೋವೂ ಯಾವ ಹೆಸರಿನಿಂದ ಕರೆಯುತ್ತವೆಂದು ಆ ಕ್ಷಣ ಅವರಿಗೆ ಹೊಳೆಯಲಿಲ್ಲ. ಫಟಿಕನಿಗೆ ಬೇರೇನೂ ಹೊಳೆಯಲಿಲ್ಲ. ಅವನು ಗಲ್ಲಾ ಬಿಟ್ಟು ವಕೀಲರ ಮನೆಗೆ ಓಡಿದ. ನಿಬಾರಣ್ ಬಾಬು ಅಲ್ಲಿಗೆ ಮುಟ್ಟಿ ಸಿಂಹದ ಎದೆಯ ಮೇಲೆ ಗುರುತು ಹಾಕುವಷ್ಟರಲ್ಲಿ ಲಾಹಿರಿಯವರು ಹೊರಗೆ ನಿಂತಿದ್ದರು. ಬೇರೆ ದಿನವಾಗಿದ್ದರೆ ಸೀಮೆಸುಣ್ಣದ ಸಮೇತ ಕೋರ್ಟಿಗೆ ಎಳೆಯುತ್ತಿದ್ದರು. ಇವತ್ತು ದನಿ ತಗ್ಗಿಸಿ, ಎಷ್ಟು ಅಗಲ ಬೇಕಾಗಬಹುದೆಂದು ವಿಚಾರಿಸಿದರು.

“ಆರಡಿ ಅಂತೂ ಬೇಕೇ ಬೇಕು, ಲಾಹಿರಿ ಬಾಬು. ಆಮೇಲೆ ಎರಡೂ ಪಕ್ಕ ಜನ ಇರ್ತಾರಲ್ಲ, ಬೀಳದ ಹಾಗೆ ಹಿಡ್ಕೊಳ್ಳೋಕೆ.”

“ಹೌದೌದು, ಅವರಿಲ್ದೆ ಹೇಗೆ?” ಎಂದರು ವಕೀಲರು. ಅಂಗರಕ್ಷಕರ ಅಗಲವನ್ನು ಮನಸ್ಸಿನಲ್ಲೇ ಕೂಡಿಸಿಕೊಂಡರು.

ಸಂಜೆ ಮಾಸಿಮಾ ಜಗಲಿಯ ಮೇಲೆ ಬೇರೆ ಮಾತಿಲ್ಲ. ಇಡೀ ಮಂತ್ರಿಮಂಡಲ ಒಬ್ಬ ಗುಮಾಸ್ತನ ಮನೆಗೆ ಯಾಕೆ ಬರುತ್ತದೆ? ಕೆಲವರು, ಒಬ್ಬ ಮಂತ್ರಿ ನಿಬಾರಣನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಎಂದರು. ಕೆಲವರು, ಕನಕಲತಾ ಅತ್ತಿಗೆ ಮಾಡುವ ಬಾಳೆಹೂವಿನ ಚಾಪ್ ಅಷ್ಟು ದೂರ ಹೆಸರು ಮಾಡಿದೆ ಎಂದರು. ಲಾಹಿರಿಯವರು ಕಣ್ಣು ಮುಚ್ಚಿ, ಹಳೆಯ ಗಲ್ಲಿಗಳ ಸ್ಥಿತಿ ನೋಡಲು ಸರ್ಕಾರ ಹೊರಟಿದೆ, ಸಾಮಾನ್ಯ ಮನುಷ್ಯನ ಮನೆಯಲ್ಲಿ ಚಹಾ ಕುಡಿಯುವುದು ಈಗಿನ ಪದ್ಧತಿ, ಅಷ್ಟು ಸಾಮಾನ್ಯ ಮನುಷ್ಯ ಹುಡುಕಿದರೂ ಬೇರೆ ಸಿಗಲಿಕ್ಕಿಲ್ಲ ಎಂದು ತೀರ್ಪು ಕೊಟ್ಟರು. ಎಲ್ಲರಿಗೂ ಸರಿಯೆನಿಸಿತು.

ಸೋಮವಾರ ಆಫೀಸಿನಿಂದ ಬಂದ ನಿಬಾರಣ್ ಬಾಬುಗೆ ಫಟಿಕನ ಒಲೆ ಅಂಗಡಿಯೊಳಗೆ ಹೋಗಿರುವುದು ಕಂಡಿತು. ಫಟಿಕ ಒಂದು ಮಡಕೆ ರಸಗುಲ್ಲ ಕೈಗಿಟ್ಟು, ಆ ದಿನಕ್ಕೆ ಬೇಕಾದರೆ ಇನ್ನೂ ಕಳಿಸುತ್ತೇನೆಂದ. ಮಂಗಳವಾರ ವಕೀಲರು ತಾವೇ ಮೇಸ್ತ್ರಿ ಕರೆಸಿ ಕಂಬ ಕೆಡವಿಸಿ ಸಿಂಹಗಳನ್ನು ಅಂಗಳದೊಳಗೆ ಕೂರಿಸಿದರು. ಬುಧವಾರ ಮಾಸಿಮಾ, ನನ್ನ ಜಗಲಿಯಿಂದ ಸರ್ಕಾರಕ್ಕೆ ಅಡ್ಡಿಯಾಗುವುದು ಬೇಡ ಎಂದು ಅದನ್ನೂ ಒಡೆಸಿದರು. ದೇಶ ನಡೆಸುವವರು ಅಂದು ಸಂಜೆ ನಿಂತುಕೊಂಡೇ ನಡೆಸಿದರು.

ನಿಬಾರಣ್ ಬಾಬುಗೆ ಕಣ್ಣು ತುಂಬಿ ಬಂತು. ಒಬ್ಬನ ಮನೆಗೆ ಒಂದು ಕ್ಯಾಬಿನೆಟ್ ಬರುತ್ತದೆಂದರೆ ನೆರೆಹೊರೆಯವರು ಇಷ್ಟು ತ್ಯಾಗ ಮಾಡುವುದುಂಟೇ? ಕನಕಲತಾ ಅವರ ಮುಂದೆ ಗಲ್ಲಿಯವರ ಗುಣವನ್ನು ಎಷ್ಟು ಕೊಂಡಾಡಿದರೂ ಸಾಲದಾಯಿತು. ಕನಕಲತಾ ಬಟಾಣಿ ಸುಲಿಯುತ್ತ ಗಂಡನ ಮುಖವನ್ನೊಮ್ಮೆ ನೋಡಿ ಮತ್ತೆ ಬಟಾಣಿ ಸುಲಿದರು.

ಕಾಗದದ ಅಳತೆಯೂ ಆಗಬೇಕಿತ್ತು. ಅವರು ಡಬ್ಬಿ, ದಿಂಬು, ಹಾರ್ಮೋನಿಯಂ ಎಲ್ಲ ಬರಿದು ಮಾಡಿ, ಮನೆಯ ಕಾಗದವನ್ನೆಲ್ಲ ಮಂಚದ ಮೇಲೆ ಪೇರಿಸಿ ಟೇಪು ಹಿಡಿದರು. ರಾಶಿ ಎರಡು ಡ್ರಾಯರಿಗೆ ಆಗುವಷ್ಟಿತ್ತು. ಉಳಿದೆರಡರಲ್ಲಿ ಏನಿಡುವುದೆಂದು ಹೆಂಡತಿ ಕೇಳಿದಾಗ, ಬೆಳವಣಿಗೆಗೆ ಜಾಗ ಬಿಡಬೇಕು, ದಾಖಲೆ ಶಾಸ್ತ್ರದ ಮೊದಲ ನಿಯಮ ಅದು ಎಂದರು. ಅವರು ರಾತ್ರಿಯೆಲ್ಲ ನೆಲದ ಮೇಲೆ ಮಲಗಿದರು, ಕಾಗದ ಮಂಚದ ಮೇಲೆ ಮಲಗಿತು.

ಸುದ್ದಿ ವಾರ್ಡ್ ಆಫೀಸನ್ನು ಮುಟ್ಟಿದ್ದು ಲಾಹಿರಿಯವರಿಂದ. ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡ ಸಿಂಹಗಳನ್ನು ವಕೀಲರೇ ಹಿಂದೆ ತೆಗೆದುಕೊಂಡರೆಂದು ಕೇಳಿ ಓವರ್ಸಿಯರ್ ಹೆದರಿಹೋದ. ಗಲ್ಲಿಯವರು ಎಷ್ಟೋ ಮನವಿ ಕೊಟ್ಟು ಕೈ ಸೋತಿದ್ದ ಕೆಲಸಗಳು ತಾವಾಗಿಯೇ ನಡೆಯತೊಡಗಿದವು. ಒಣಗಿ ಕೂತಿದ್ದ ಬೀದಿ ನಲ್ಲಿ ಮೊದಲು ಕೆಮ್ಮಿ, ಆಮೇಲೆ ಒಂದು ಜಿರಲೆಯನ್ನು ಉಗುಳಿ, ಆಮೇಲೆ ಧಾರಾಳವಾಗಿ ನೀರು ಬಿಟ್ಟಿತು. ಚರಂಡಿಗೆ ಕಲ್ಲುಚಪ್ಪಡಿ ಬಿತ್ತು. ದೀಪದ ಕಂಬಗಳಿಗೆ ದೀಪ ಬಂತು. ಚರಂಡಿಯುದ್ದಕ್ಕೂ ಬ್ಲೀಚಿಂಗ್ ಪುಡಿಯನ್ನು ರಂಗೋಲಿಯಂತೆ ಎಳೆದು ಹೋದರು. ಮಂತ್ರಿಗಳು ಬಂದಲ್ಲದೆ ಆ ಪುಡಿ ಹೊರಗೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ನಿಬಾರಣ್ ಬಾಬು ಒಬ್ಬರನ್ನು ಬಿಟ್ಟು.

ಗುರುವಾರ ಸಂಜೆ ಕೌನ್ಸಿಲರ್ ಪರಿಮಲ್ ಸಾಧುಖಾನ್ ಅವರೇ ಮೆಟ್ಟಿಲು ಹತ್ತಿ ಬಂದರು. ಚುನಾವಣೆ ಇಲ್ಲದ ವರ್ಷ ಅವರನ್ನು ಆ ಗಲ್ಲಿಯಲ್ಲಿ ಕಂಡವರಿಲ್ಲ. ಮಂಚದ ಮೇಲಿನ ಕಾಗದದ ರಾಶಿಯನ್ನು ಭಕ್ತಿಯಿಂದ ನೋಡಿ, ಅದರ ಪಕ್ಕ ಅಂಚಿನಲ್ಲಿ ಕೂತು, ನೊಂದ ದನಿಯಲ್ಲಿ ಶುರು ಮಾಡಿದರು.

“ನನಗೊಂದು ಮಾತು ಹೇಳಬಾರ್ದಾಗಿತ್ತಾ, ದಾದಾ?”

“ಸಣ್ಣ ವಿಷಯಕ್ಕೆ ನಿಮಗ್ಯಾಕೆ ತೊಂದ್ರೆ ಅಂತ,” ಎಂದರು ನಿಬಾರಣ್ ಬಾಬು ಸಂಕೋಚದಿಂದ.

ಸಣ್ಣ ವಿಷಯ ಎಂಬ ಮಾತು ಕೇಳಿ ಸಾಧುಖಾನರಿಗೆ ಈ ಮನುಷ್ಯನ ಅಂತಸ್ತಿನ ಅಂದಾಜು ಸಿಕ್ಕಿತು. ಕ್ಯಾಬಿನೆಟ್ಟಿನಲ್ಲಿ ಒಟ್ಟು ಎಷ್ಟು ಎಂದು ಕೇಳಿದರು.

“ನಾಲ್ಕು. ಮೇಲಿಂದು ಹಗುರ, ಒಳಗೆ ಏನೂ ಇಲ್ಲ. ಎರಡನೇದು ಪರವಾಗಿಲ್ಲ, ಸ್ವಲ್ಪ ಕಿರಿಕಿರಿ. ಮೂರನೇದು ಸಿಕ್ಕಾಕ್ಕೊಂಡಿದೆ, ಎಷ್ಟು ಎಳೆದ್ರೂ ಬಾಯಿ ಬಿಡಲ್ಲ. ಭಾರ ಎಲ್ಲಾ ತಳದ್ದರ ಮೇಲೇ ನಿಂತಿದೆ.”

ಸಾಧುಖಾನರು ಕಿಟಕಿಯ ಕಡೆ ಒಮ್ಮೆ ನೋಡಿದರು. ಸರ್ಕಾರದ ಬಗ್ಗೆ ಅವರದೂ ಒಳಗೊಳಗೆ ಇದೇ ಅಭಿಪ್ರಾಯ. ಆದರೆ ಮಂತ್ರಿಗಳನ್ನು ‘ಅದು, ಇದು’ ಎನ್ನುವಷ್ಟು ಸಲಿಗೆ ಅವರಿಗೆ ಜನ್ಮದಲ್ಲಿ ಬಂದಿರಲಿಲ್ಲ.

ನಿಬಾರಣ್ ಬಾಬು ಚಹಾ ಮುಂದೆ ತಳ್ಳುತ್ತ ಮಾತು ಮುಂದುವರಿಸಿದರು. “ಇಷ್ಟು ವರ್ಷ ಸವೆದು ಹೋಗಿದೆ ನೋಡಿ. ಬರೋ ತಿಂಗಳು ಇದನ್ನ ತೆಗೆದು ಹೊಸದು ಹಾಕ್ತಾರೆ. ಅದಕ್ಕೇ ಹಳೇದು ನಮ್ಮನೇಲಿ ಇರ್ಲಿ ಅಂತ ನಾನೇ ಕೇಳ್ಕೊಂಡೆ.”

ಕೌನ್ಸಿಲರು ಎತ್ತಿದ ಬಟ್ಟಲನ್ನು ಹಾಗೇ ತಟ್ಟೆಗಿಟ್ಟರು. “ಬರೋ ತಿಂಗಳಾ? ಹೊಸದು... ಎಂಥದ್ದು?”

“ನಾನಿನ್ನೂ ನೋಡಿಲ್ಲ. ಬಣ್ಣ ಬೇರೆಯಂತೆ.”

ಸಾಧುಖಾನರು ಎದ್ದರು. ತಮ್ಮ ಭುಜದ ಮೇಲಿದ್ದ ಪಕ್ಷದ ಬಣ್ಣದ ಶಾಲನ್ನು ಮಡಿಸಿ ಮೆಲ್ಲಗೆ ಜೇಬಿಗೆ ತುರುಕಿದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, ಹೊಸದು ಬಂದಾಗ ತಮ್ಮಂಥ ಬಡವನನ್ನೂ ಸ್ವಲ್ಪ ನೆನೆಸಿಕೊಳ್ಳಬೇಕೆಂದು ಕೇಳಿದರು. ಇವರಿಗೂ ಒಂದು ಬೇಕಾಗಿದೆ, ಪಾಪ, ಬಾಯಿಬಿಟ್ಟು ಕೇಳಲು ನಾಚಿಕೆ ಎಂದುಕೊಂಡರು ನಿಬಾರಣ್ ಬಾಬು.

“ಅದಕ್ಕೇನಂತೆ? ಬಡಬಾಬು ಹತ್ರ ನಾನೇ ಮಾತಾಡ್ತೀನಿ. ನಾನು ಹೇಳಿದ್ರೆ ಇಲ್ಲ ಅನ್ನಲ್ಲ.”

ಸರ್ಕಾರದ ದೊಡ್ಡ ಬಾಬು ಯಾರೆಂದು ಕೌನ್ಸಿಲರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವರು ಎರಡೂ ಕೈಯಿಂದ ನಿಬಾರಣ್ ಬಾಬುವಿನ ಕೈ ಹಿಡಿದು, ಕಣ್ಣಿಗೊತ್ತಿಕೊಂಡು ಮೆಟ್ಟಿಲಿಳಿದರು. ಬಾಗಿಲ ಹಿಂದೆ ನಿಂತಿದ್ದ ಕನಕಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಕೆಮ್ಮು ಇರಬೇಕೆಂದು ನಿಬಾರಣ್ ಬಾಬು ತುಳಸಿ ಕಷಾಯದ ಸಲಹೆ ಕೊಟ್ಟರು.

ಶನಿವಾರ ಮಧ್ಯಾಹ್ನ ಡಾಲ್‌ಹೌಸಿಯಿಂದ ಕೈಗಾಡಿ ಹೊರಟಿತು. ಗಾಡಿಯ ಮೇಲೆ ಹಸಿರು ಕ್ಯಾಬಿನೆಟ್ ಹಗ್ಗ ಬಿಗಿಸಿಕೊಂಡು ನಿಂತಿತ್ತು. ಎಳೆಯುವವರಿಬ್ಬರು ಮುಂದೆ, ಕೊಡೆ ಹಿಡಿದ ನಿಬಾರಣ್ ಬಾಬು ಹಿಂದೆ. ದಾರಿಯುದ್ದಕ್ಕೂ ಅವರಿಗೆ ಒಂದು ಅನುಮಾನ ಕಾಡುತ್ತಿತ್ತು. ಹನ್ನೊಂದು ಅಡಿಯ ವಸ್ತು ತಮ್ಮ ಕೊಡೆಯ ನೆರಳಿನಲ್ಲಿ ಹೇಗೆ ಹಿಡಿಸುತ್ತಿದೆ? ಬಿಸಿಲಿಗೆ ಹಾಗೆ ಕಾಣುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡರು.

ಗಾಡಿ ಗಲ್ಲಿಯ ಬಾಯಿಗೆ ತಿರುಗಿದ್ದೇ ತಡ, ಶಂಖಗಳು ಮೊಳಗಿದವು. ಹೆಂಗಸರು ನಾಲಿಗೆ ಹೊರಳಿಸಿ ಮಂಗಳದ ಉಲು ಹಾಕಿದರು. ಮಹಡಿಗಳಿಂದ ಹೂವಿನ ಎಸಳು ಸುರಿಯಿತು. ಎದುರಿಗೆ ಬಿದಿರಿನ ದೊಡ್ಡ ಕಮಾನು, ಅದರ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ಬಿಳಿ ಅಕ್ಷರ: ‘ಕೌನ್ಸಿಲರ್ ಪರಿಮಲ್ ಸಾಧುಖಾನ್ ಅವರ ವಿಶೇಷ ಆಹ್ವಾನದ ಮೇರೆಗೆ ದಯಮಾಡಿಸುತ್ತಿರುವ ಮಾನ್ಯ ಸಚಿವ ಸಂಪುಟಕ್ಕೆ ಹಾರ್ದಿಕ ಸ್ವಾಗತ.’

ನಿಬಾರಣ್ ಬಾಬು ಅದನ್ನು ಒಮ್ಮೆ ಓದಿದರು. ಎರಡನೇ ಸಲ ಓದುವಾಗ ಭಾನುವಾರದಿಂದ ಗುರುವಾರದವರೆಗಿನ ಒಂದೊಂದು ಮಾತೂ ಹಿಂದಿನಿಂದ ಮುಂದಕ್ಕೆ ಬಂದು ಅವರ ಎದೆಯ ಮೇಲೆ ಕೂತಿತು. ಕಾಲು ನಿಂತುಹೋಯಿತು. ಗಾಡಿ ಮಾತ್ರ ನಿಲ್ಲಲಿಲ್ಲ. ಎಳೆಯುವವರಿಗೆ ಬಂಗಾಳಿ ಓದಲು ಬಾರದು. ಕಮಾನಿನಡಿ ಹಾದು, ಹೂವು ಸುರಿಸಿಕೊಂಡು, ಅವರು ಗಂಭೀರವಾಗಿ ಗಲ್ಲಿಯ ನಡುವೆ ಬಂದು ಗಾಡಿ ನಿಲ್ಲಿಸಿ ಬೆವರು ಒರೆಸಿಕೊಂಡರು.

ಹಾರ ಹಿಡಿದು ನಿಂತಿದ್ದ ಸಾಧುಖಾನರು ಗಾಡಿಯ ಹಿಂದೆ ಇಣುಕಿದರು. ಮೋಟಾರುಗಳಿಲ್ಲ, ಪೊಲೀಸರಿಲ್ಲ. ಕೊಡೆ ಹಿಡಿದ ಒಬ್ಬ ಗುಮಾಸ್ತ.

“ಕ್ಯಾಬಿನೆಟ್ ಎಲ್ಲಿ, ದಾದಾ?”

ನಿಬಾರಣ್ ಬಾಬು ಕೊಡೆ ಮಡಿಸಿದರು. ಕೊಡೆಯ ತುದಿಯಿಂದ ಹಸಿರು ಪೆಟ್ಟಿಗೆಯನ್ನು ತೋರಿಸಿದರು. “ಇದೇ.”

ಶಂಖಗಳು ಒಂದೊಂದಾಗಿ ನಿಂತವು. ಕೊನೆಯ ಮಹಡಿಯ ಒಬ್ಬ ಹೆಂಗಸಿಗೆ ಕೇಳಿಸದೆ ಅವರೊಬ್ಬರು ಇನ್ನೂ ಸ್ವಲ್ಪ ಹೊತ್ತು ಊದಿದರು. ಫಟಿಕ ತಾನು ಹೊತ್ತು ತಂದಿದ್ದ ಮಿಠಾಯಿಯ ಪರಾತವನ್ನು ನೋಡಿಕೊಂಡ. ಲಾಹಿರಿಯವರ ಮುಖ ಅವರ ಸಿಂಹಗಳ ಮುಖದಂತಾಯಿತು. ಒಂದು ಕಬ್ಬಿಣದ ಡಬ್ಬಿಗಾಗಿ ತಾವು ಕಂಬ ಕೆಡವಿದ್ದು, ಮೋಸ, ನಷ್ಟ, ಮಾನಹಾನಿ, ಒಂದೊಂದಕ್ಕೂ ಬೇರೆ ಬೇರೆ ಮೊಕದ್ದಮೆ ಎಂದು ಬೆರಳು ಮಡಿಸುತ್ತ ಹೋದರು. ಜನ ಒತ್ತಾಗಿ ಮುಂದೆ ಬಂದರು. ನಿಬಾರಣ್ ಬಾಬು ಕ್ಯಾಬಿನೆಟ್ಟಿಗೆ ಬೆನ್ನು ಕೊಟ್ಟು ನಿಂತರು. ಬದುಕಿನಲ್ಲಿ ಮೊದಲ ಬಾರಿಗೆ ಅದು ಹನ್ನೊಂದು ಅಡಿ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು, ಒಳಗೆ ಅಡಗಿಕೊಳ್ಳಬಹುದಿತ್ತು.

ಆಗ ಮಾಸಿಮಾ ಕೋಲೂರಿಕೊಂಡು ಬಂದರು. ಜಗಲಿ ಹೋದ ಮೇಲೆ ಅವರ ಬಾಗಿಲಿನಿಂದ ಗಲ್ಲಿಗೆ ಒಂದೇ ಹೆಜ್ಜೆ. ಯಾರ ಕೈಯನ್ನೂ ಹಿಡಿಯದೆ ಆ ಹೆಜ್ಜೆ ಇಳಿದಿದ್ದರು. ಕ್ಯಾಬಿನೆಟ್ಟಿನ ಸುತ್ತ ಒಂದು ಸುತ್ತು ಬಂದು, ಕೋಲಿನಿಂದ ಅದರ ಹೊಟ್ಟೆಗೆ ತಟ್ಟಿ ನೋಡಿದರು. ಖಣಿಲ್ ಅಂದಿತು.

“ಗಟ್ಟಿಯಾಗಿದೆ,” ಎಂದರು. “ಮಂತ್ರಿಗಳು ಬಂದಿದ್ರೆ ಸಂಜೆಗೆ ಹೋಗಿಬಿಡ್ತಿದ್ರು. ಇದು ಇಲ್ಲೇ ಇರುತ್ತೆ. ಊದ್ರೇ ಶಂಖ.”

ಯಾರೋ ಒಬ್ಬರು ಕಿಸಕ್ಕೆಂದರು. ಅದು ಪಕ್ಕದವರಿಗೆ ಹತ್ತಿತು. ಅಲ್ಲಿಂದ ಮಹಡಿಗೆ ಹತ್ತಿ, ಮಹಡಿಯಿಂದ ಮಹಡಿಗೆ ಹಾರಿ, ಗಲ್ಲಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಸಾಧುಖಾನರು ಮಾತ್ರ ಕಮಾನಿನ ಕಡೆ ನೋಡುತ್ತಿದ್ದರು. ಅಲ್ಲಿ ವಿಶೇಷ ಆಹ್ವಾನದ ಮುಂದೆ ಅವರ ಹೆಸರು ಮೊಳಕೈಯಷ್ಟು ದೊಡ್ಡದಾಗಿ ತೂಗುತ್ತಿತ್ತು. ನಾನು ಕರೆದಿರಲಿಲ್ಲ ಎನ್ನುವಂತಿಲ್ಲ, ಕರೆದವರು ಬರಲಿಲ್ಲ ಎನ್ನುವಂತೆಯೂ ಇಲ್ಲ. ಮೂವತ್ತು ವರ್ಷ ರಾಜಕೀಯದಲ್ಲಿ ಬದುಕಿ ಉಳಿದವರು ಅವರು. ಎರಡು ಹೆಜ್ಜೆ ಮುಂದಿಟ್ಟು ಹಾರವನ್ನು ಕ್ಯಾಬಿನೆಟ್ಟಿನ ಕೊರಳಿಗೆ, ಎಂದರೆ ಮೇಲಿನ ಡ್ರಾಯರಿನ ಹಿಡಿಗೆ ಹಾಕಿ, ಗಂಟಲು ಸರಿಪಡಿಸಿಕೊಂಡು ಭಾಷಣ ಶುರು ಮಾಡಿದರು. ನಲ್ಲಿ, ದೀಪ, ಚರಂಡಿ, ಇವೆಲ್ಲ ಜನರ ಹಕ್ಕು, ಮಂತ್ರಿಗಳಿಗಾಗಿ ಮಾಡಿದ್ದೆಂದು ಯಾರಾದರೂ ಹೇಳಿದರೆ ನಂಬಬಾರದು, ಜನರ ಕಾಗದಪತ್ರ ಭದ್ರವಾಗಿದ್ದರೆ ದೇಶ ಭದ್ರ ಎಂದರು. ಓವರ್ಸಿಯರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಫಟಿಕ ಪರಾತದ ಮೇಲಿನ ಬಟ್ಟೆ ಸರಿಸಿದ. ಬಾಯಿಗೆ ಸಂದೇಶ ಬಿದ್ದ ಮೇಲೆ ಲಾಹಿರಿಯವರ ಮೊಕದ್ದಮೆಗಳನ್ನು ಕೇಳುವವರು ಉಳಿಯಲಿಲ್ಲ.

ಹೂವು ಹೊತ್ತ ಕ್ಯಾಬಿನೆಟ್ಟನ್ನು ಇಬ್ಬರೇ ಸಲೀಸಾಗಿ ಮೆಟ್ಟಿಲು ಹತ್ತಿಸಿ, ಗೋಡೆಯ ಮೂಲೆಯಲ್ಲಿ ನಿಲ್ಲಿಸಿ ಹೋದರು. ಅದರ ಮೇಲೆ ಇನ್ನೂ ಎರಡು ಕ್ಯಾಬಿನೆಟ್ ಇಡುವಷ್ಟು ಜಾಗ ಖಾಲಿ ಉಳಿಯಿತು. ಕನಕಲತಾ ಟೇಪನ್ನು ತಂದು, ಮೊದಲು ಒಂದು ಮುಖ, ಆಮೇಲೆ ಇನ್ನೊಂದು ಮುಖ ಗಂಡನಿಗೆ ತೋರಿಸಿ, ಮಡಿಸಿ ಹೊಲಿಗೆ ಪೆಟ್ಟಿಗೆಯಲ್ಲಿಟ್ಟರು.

ನಿಬಾರಣ್ ಬಾಬು ಮಂಚದ ಮೇಲೆ, ಕಾಗದಗಳ ನಡುವೆ ಕುಸಿದು ಕೂತರು. “ಎಲ್ಲಾ ತಪ್ಪು ತಿಳ್ಕೊಂಡಿದ್ರು. ನಿನಗೇನಾದ್ರೂ ಗೊತ್ತಿತ್ತಾ?”

“ಮಂಗಳವಾರದಿಂದ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತಲೇ ಇದ್ದೆ,” ಎಂದರು ಕನಕಲತಾ. “ಅಷ್ಟರಲ್ಲಿ ನಲ್ಲೀಲಿ ನೀರು ಬಂತು.”

ನಕ್ಕದ್ದೇನೋ ಆಯಿತು, ಕಳೆದುಕೊಂಡ ಜಾಗವನ್ನು ಮತ್ತೆ ಹಿಡಿಯುವುದೆಂದು ಗಲ್ಲಿಯವರು ನಿಶ್ಚಯಿಸಿಯೇ ಇದ್ದರು. ಸೋಮವಾರ ಫಟಿಕ ಒಲೆಗೆ ಕೈ ಹಚ್ಚಿದ್ದ. ಅಷ್ಟರಲ್ಲಿ ಗಂಟೆ ಬಾರಿಸುತ್ತ ಒಂದು ರಿಕ್ಷಾ ಅವನ ಮುಂದಿನಿಂದ ಹಾದು ಒಳಗೆ ಹೋಗಿ ಮಾಸಿಮಾ ಬಾಗಿಲಲ್ಲಿ ನಿಂತಿತು. ಗಲ್ಲಿಯೊಳಗೆ ರಿಕ್ಷಾ ಕಂಡದ್ದು ಹಳಬರಿಗೂ ನೆನಪಿರಲಿಲ್ಲ. ಮಾಸಿಮಾ ಬಿಳಿ ಸೀರೆಯುಟ್ಟು, ಹತ್ತಿ ಕೂತು, ರಾಣಿಯಂತೆ ಎರಡೂ ಕಡೆ ನೋಡುತ್ತ ಡಾಕ್ಟರ ಬಳಿ ಹೊರಟರು. ಫಟಿಕನ ಮುಂದೆ ಬಂದಾಗ ರಿಕ್ಷಾ ನಿಲ್ಲಿಸಿ, ಒಲೆ ಯಾಕೆ ಮುಟ್ಟಿದ್ದೀಯಪ್ಪ ಎಂದು ಕೇಳಿದರು. ಬೂದಿ ತೆಗೆಯುತ್ತಿದ್ದೇನೆ ಎಂದ ಫಟಿಕ. ಒಲೆ ಅಲ್ಲಿಂದ ಅಲುಗಲಿಲ್ಲ.

ಲಾಹಿರಿಯವರದು ಗಟ್ಟಿ ಜೀವ. ಮಾರನೆಯ ದಿನವೇ ಮೇಸ್ತ್ರಿಯನ್ನು ಕರೆಸಿ ಕಂಬಕ್ಕೆ ದಾರ ಹಿಡಿಸುತ್ತಿದ್ದರು. ಆಗ ಒಂದು ಮೋಟಾರು ಕಾರು ಸದ್ದಿಲ್ಲದೆ ಬಂದು ಅವರ ಗೇಟಿಗೇ ಮೂಗು ಹಚ್ಚಿ ನಿಂತಿತು. ಸೆಣಬಿನ ವ್ಯಾಪಾರಿಯೊಬ್ಬರು ಕೆಳಗಿಳಿದು, ಬಾಗಿಲವರೆಗೆ ಕಾರು ಬರುವ ವಕೀಲರನ್ನು ಈ ಕಡೆ ಹುಡುಕುತ್ತಿದ್ದೆ ಎಂದರು. ವಕೀಲರು ದಾರವನ್ನು ಬೆನ್ನ ಹಿಂದೆ ಮುಚ್ಚಿಕೊಂಡರು. ಮೇಸ್ತ್ರಿಗೆ ಅಂಗಳದ ಸಿಂಹಗಳಿಗೆ ಸುಣ್ಣ ಬಳಿಯುವ ಕೆಲಸ ಸಿಕ್ಕಿತು.

ಇನ್ನು ಕ್ಯಾಬಿನೆಟ್ಟಿನ ಮಾತು. ನಿಬಾರಣ್ ಬಾಬುವಿನ ಕಾಗದ ಎರಡು ಡ್ರಾಯರಿನಲ್ಲಿ ಅಕ್ಷರಕ್ರಮದಲ್ಲಿ ಕೂತಿತು. ಬೆಳವಣಿಗೆಗೆಂದು ಬಿಟ್ಟ ಜಾಗದ ಸುದ್ದಿ ಗಲ್ಲಿಗೆ ಹಬ್ಬಿತು. ನಾವು ಒಲೆ ಬಿಟ್ಟವರು, ನಾವು ಜಗಲಿ ಬಿಟ್ಟವರು, ನಮಗೂ ಪಾಲು ಬೇಕು ಎಂದು ಎಲ್ಲರೂ ಕಾಗದ ಹಿಡಿದು ಬಂದರು. ಯಾರಿಗೆ ಯಾವ ಡ್ರಾಯರು, ಎಷ್ಟು ಇಂಚು, ಮೇಲಿನದು ಯಾರಿಗೆ ಎಂದು ಒಂದು ವಾರ ಎಳೆದಾಟ. ಖಾತೆ ಹಂಚಿಕೆಯಲ್ಲಿ ಅಸಮಾಧಾನಗೊಂಡ ಲಾಹಿರಿಯವರು ಎರಡು ದಿನ ಯಾರೊಡನೆಯೂ ಮಾತು ಬಿಟ್ಟರು. ಮೂರನೇ ಡ್ರಾಯರು ಮಾತ್ರ ಯಾರು ಎಳೆದರೂ ಬಾಯಿ ಬಿಡಲಿಲ್ಲ. ಅದು ಕೌನ್ಸಿಲರಿಗೇ ಇರಲಿ, ಅವರ ಭರವಸೆಗಳನ್ನು ಅಲ್ಲಿಡೋಣ ಎಂದು ಕನಕಲತಾ ಸೂಚಿಸಿದರು. ಸೂಚನೆ ಸರ್ವಾನುಮತದಿಂದ ಅಂಗೀಕಾರವಾಯಿತು.

ಈಗ ನಿಬಾರಣ್ ಬಾಬು ಟ್ರ್ಯಾಮಿನಿಂದ ಇಳಿದರೆ ಸುತ್ತಲಿನ ನಾಲ್ಕು ಗಲ್ಲಿಯವರು ನಮಸ್ಕರಿಸುತ್ತಿದ್ದರು. ಒಂದು ಭಾನುವಾರ ಪಕ್ಕದ ಪಂಚಾನನ ಶೀಲ್ ಗಲ್ಲಿಯ ಹಿರಿಯರೇ ಮನೆ ಬಾಗಿಲಿಗೆ ಬಂದರು. ತಮ್ಮ ಗಲ್ಲಿಯಲ್ಲಿ ಒಬ್ಬರು ಎದುರಾದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ನಲ್ಲಿ ಒಣಗಿ ಕಾಲವಾಯಿತು, ಬಾಬುಗಳು ದೊಡ್ಡ ಮನಸ್ಸು ಮಾಡಿ ಒಮ್ಮೆ ಬಂದು ಹೋಗಬೇಕು ಎಂದರು. ನಿಬಾರಣ್ ಬಾಬು ಪ್ರಾಮಾಣಿಕರು. ತಮ್ಮ ಮನೆಗೆ ಇನ್ನೇನೂ ಬರುವುದಿಲ್ಲ, ಆಫೀಸಿನ ಹಳೆಯ ಸಾಮಾನೆಲ್ಲ ಮುಗಿಯಿತು, ಸುಳ್ಳು ಹೇಳುವುದು ತಮ್ಮಿಂದಾಗದು ಎಂದು ಕೈ ಮುಗಿದರು.

“ಏನೂ ಹೇಳಬೇಡಿ, ದಾದಾ,” ಎಂದರು ಹಿರಿಯರು. “ಸುಮ್ನೆ ಅಳೀರಿ.”

ಒಳಗಿಂದ ಕನಕಲತಾ ಬಂದು ಕೋಟಿನ ಧೂಳು ಕೊಡವಿ, ಹೊಲಿಗೆಯ ಟೇಪನ್ನು ಅದರ ಜೇಬಿಗಿಟ್ಟು ಹಿಡಿದರು.

ಪಂಚಾನನ ಶೀಲ್ ಗಲ್ಲಿಯ ಬಾಯಲ್ಲಿ ನಿಂತು ನಿಬಾರಣ್ ಬಾಬು ಕನ್ನಡಕ ಒರೆಸಿಕೊಂಡರು. ದೃಷ್ಟಿ ಹಾಯಿಸಿದರು. ದಿನಸಿ ಅಂಗಡಿಯವನು ಎದ್ದು, ಹೊರಗಿಟ್ಟಿದ್ದ ಅಕ್ಕಿಮೂಟೆಯ ಕಿವಿ ಹಿಡಿದು ಒಳಗೆ ಎಳೆಯತೊಡಗಿದ. ಅವನ ಎದುರಿನವನು ಬೆಂಚು ಎತ್ತಿದ. ಮೇಲೆ ಯಾರೋ ಬಟ್ಟೆ ಒಣಹಾಕುವ ಬಿದಿರನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡರು, ಗಲ್ಲಿಯ ನೆಲಕ್ಕೆ ಒಂದು ಪಟ್ಟಿ ಬಿಸಿಲು ಬಿತ್ತು. ನಿಬಾರಣ್ ಬಾಬು ಎದೆ ಸೆಟೆಸಿ ಆ ಬಿಸಿಲಿನಲ್ಲಿ ನಡೆದರು. ಟೇಪನ್ನು ಅವರಿನ್ನೂ ಜೇಬಿನಿಂದ ತೆಗೆದಿರಲಿಲ್ಲ.